ಹೊರಗೆ ನಿಂತು ಹಾಕಿದ ಚಿಲಕ

ನನಗೆ ಹನ್ನೊಂದು ಜನರ ದನಿಯಲ್ಲಿ ಮಾತಾಡಲು ಬರುತ್ತದೆ. ನನ್ನದನ್ನೂ ಸೇರಿಸಿದರೆ ಹನ್ನೆರಡು. ಆದರೆ ನನ್ನದಕ್ಕೆ ಬೇಡಿಕೆ ಕಡಿಮೆ.

ಹನ್ನೊಂದರಲ್ಲಿ ಎಲ್ಲರಿಗೂ ಇಷ್ಟವಾಗುವುದು ನಮ್ಮ ಮೇಲಧಿಕಾರಿಯದು. ಅವರು ಯಾವ ಮಾತನ್ನೂ ನೇರವಾಗಿ ಶುರು ಮಾಡಿದವರಲ್ಲ. ಮೊದಲು ಒಂದು ಒಣಕೆಮ್ಮು, ಆಮೇಲೆ "ಅಂದ್ರೆ ಏನಪ್ಪಾ ಅಂದ್ರೆ", ಆಮೇಲೆ ವಿಷಯ. ಕಚೇರಿಗೆ ಬೆಂಕಿ ಬಿದ್ದರೂ ಕೆಮ್ಮಿ, "ಅಂದ್ರೆ ಏನಪ್ಪಾ ಅಂದ್ರೆ, ಬೆಂಕಿ" ಎಂದೇ ಕೂಗುವ ಆಸಾಮಿ. ಅದಕ್ಕೇ ನಾವೆಲ್ಲ ಅವರಿಗೆ ಇಟ್ಟ ಹೆಸರು ಏನಪ್ಪಾ ಸಾರ್.

ಕಚೇರಿ ಎಂದರೆ, ದನಿ ಕಳೆದುಕೊಳ್ಳಲಿರುವವರ ದನಿಯನ್ನು ಕಾಪಿಡುವ ಸಂಸ್ಥೆ. ಗಂಟಲಿನ ಆಪರೇಷನ್ನಿಗೆ ಮುಂಚೆ ಜನ ಇಲ್ಲಿಗೆ ಬಂದು, ಗಾಜಿನ ಕೋಣೆಯಲ್ಲಿ ಕೂತು, ಸಾವಿರದ ಆರುನೂರು ವಾಕ್ಯ ಓದುತ್ತಾರೆ. ಆ ರೆಕಾರ್ಡಿಂಗಿನಿಂದ ಕಂಪ್ಯೂಟರು ಅವರ ದನಿಯನ್ನು ಕಟ್ಟುತ್ತದೆ. ಆಮೇಲೆ ಅವರು ಅಂಗೈಯಗಲದ ಪೆಟ್ಟಿಗೆಯ ಮೇಲೆ ಬೆರಳಿನಿಂದ ಒತ್ತಿ ಬರೆದರೆ ಅದು ಅವರದೇ ದನಿಯಲ್ಲಿ ಓದುತ್ತದೆ. ಈ ದನಿಗಳೆಲ್ಲ ಇರುವ ಯಂತ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರ ಇರುವುದು ಹೊಳೆಯ ಆಚೆ, ಊರಿನ ಇನ್ನೊಂದು ತುದಿಯ ಹಳೆಯ ಕಟ್ಟಡದಲ್ಲಿ. ನಾನಿರುವುದು ಈಚೆ. ನಮ್ಮಿಬ್ಬರ ಸಂಸಾರ ಏಳು ವರ್ಷದಿಂದ ತಂತಿಯ ಮೇಲೆಯೇ ನಡೆದಿದೆ.

ಅದು ಯೂನಿಕ್ಸ್ ಮನೆತನದ ಯಂತ್ರ. ಆ ಮನೆತನಕ್ಕೆ ಒಬ್ಬನೇ ಯಜಮಾನ, ಹೆಸರು ರೂಟ್. ಅವನು "ಅಳಿಸು" ಅಂದರೆ ಯಂತ್ರ "ಯಾಕೆ" ಎಂದು ಕೇಳದೆ ಅಳಿಸುತ್ತದೆ. ರೂಟ್ ಅಂದರೆ ಬೇರು, ಕೈತಪ್ಪಿದರೆ ಬೇರುಸಮೇತ. ಹಾಗಾಗಿ ದೂರದಿಂದ ಯಾರೂ ನೇರವಾಗಿ ಆ ಹೆಸರಿನಲ್ಲಿ ಒಳಗೆ ಬರುವಂತಿರಬಾರದು. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ, ತಮ್ಮ ಕೀಲಿಯಿಂದ ಒಳಗೆ ಬಂದು, ಬೇಕಾದ ಕ್ಷಣಕ್ಕೆ ಮಾತ್ರ ಯಜಮಾನಿಕೆ ಎರವಲು ಪಡೆಯಬೇಕು. ಆ ಎರವಲು ಕೇಳುವ ಆಜ್ಞೆಗೆ ಸುಡೋ ಎಂದು ಹೆಸರು. ಕೇಳಿದವರಿಗೆ, ಯಾರೋ ಗೆಳೆಯನ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟು ಹುರಿದುಂಬಿಸಿದ ಹಾಗೆ ಕೇಳಿಸುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ನಾನು ಏಳು ವರ್ಷ ರೂಟ್ ಹೆಸರಿನಲ್ಲೇ ಹೋಗಿ ಬಂದೆ. ಯಜಮಾನನ ಕುರ್ಚಿಯಲ್ಲಿ ಕೂತು ರೂಢಿಯಾದವನಿಗೆ ಸ್ಟೂಲಿನ ಮೇಲೆ ಕೂರುವುದು ಯಾಕೆ ಬೇಕು?

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಚಹಾ ಕುಡಿಯುವಾಗ ಮಾತಿಗೆ ಮಾತು ಬೆಳೆಯಿತು.

"ಏನಪ್ಪಾ ಸಾರ್ ದನಿ ನಮ್ಮ ಮುಂದೆ ಮಾಡೋದಲ್ಲ, ಬೀಗಣ್ಣನ ಹತ್ರ ಮಾಡು ನೋಡೋಣ" ಎಂದರು ರೆಕಾರ್ಡಿಂಗ್ ಕೋಣೆಯವರು.

ಬೀಗಣ್ಣ ಎಂದರೆ ಯಂತ್ರಕೋಣೆಯ ಕಾವಲುಗಾರ. ಬೀಗ ಹಾಕುತ್ತಾನೆ, ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುತ್ತಾನೆ, ನೋಡಿ ಬೀಗುತ್ತಾನೆ. ಮಗಳ ಮದುವೆಯಾದ ಮೇಲೆ ಬೀಗರೂ ಬಂದರು. ಹೀಗಾಗಿ ಆ ಹೆಸರು ಅವನನ್ನು ನಾಲ್ಕೂ ಕಡೆಯಿಂದ ಹಿಡಿದುಕೊಂಡಿತ್ತು. ಆ ದಿನ ಏನಪ್ಪಾ ಸಾರ್ ಊರಲ್ಲಿರಲಿಲ್ಲ. ನಾನು ಅವರ ಕೋಣೆಗೇ ಹೋಗಿ, ಅವರ ಮೇಜಿನ ಫೋನಿನಿಂದಲೇ ನಂಬರು ಒತ್ತಿ, ಕೆಮ್ಮಿದೆ.

"ಅಂದ್ರೆ ಏನಪ್ಪಾ ಅಂದ್ರೆ, ಆ ಕಪಾಟಿನ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದೆಯಲ್ಲ, ಅದರಲ್ಲಿ ಏನಿದೆ ಓದು."

ಅದು ರೂಟ್ ಪಾಸ್‌ವರ್ಡು, ನನಗೆ ಮೊದಲೇ ಗೊತ್ತಿದ್ದದ್ದು. ಬೀಗಣ್ಣ ಕನ್ನಡಕ ಹುಡುಕಿ, ಒಂದೊಂದೇ ಅಕ್ಷರಕ್ಕೆ ಒಂದೊಂದು "ಸಾರ್" ಸೇರಿಸಿ ಓದಿದ. ಹದಿನಾಲ್ಕು ಅಕ್ಷರ, ಹದಿನಾಲ್ಕು ಸಾರ್. ಬಾಗಿಲ ಹೊರಗೆ ನಿಂತಿದ್ದವರ ನಗು ತಡೆಯಲಾಗದೆ ಸಿಡಿಯಿತು. ಆಮೇಲೆ ಬೀಗಣ್ಣ ಮೆಲ್ಲಗೆ, "ಸಾರ್, ಅಲ್ಲಿ ಯಾರು ನಗ್ತಿರೋದು?" ಅಂದ.

ವಿಷಯ ಎರಡೇ ದಿನದಲ್ಲಿ ಸಾರ್ ಕಿವಿಗೆ ಬಿತ್ತು. ಓದಿ ಹೇಳಿದ ತಪ್ಪಿಗೆ ಬೀಗಣ್ಣನಿಗೆ ಮೆಮೊ ಹೋಯಿತು, ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ಓದಿಸಿಕೊಂಡ ನನ್ನನ್ನು ಕೋಣೆಗೆ ಕರೆದು ಬೈದರು.

"ಅಂದ್ರೆ ಏನಪ್ಪಾ ಅಂದ್ರೆ, ನಿನ್ನನ್ನ ಮನೆಗೆ ಕಳಿಸ್ಬೇಕು. ಕಳಿಸಿದ್ರೆ ಆ ಯಂತ್ರದ ಹತ್ರ ಮಾತಾಡೋರು ಬೇರೆ ಯಾರೂ ಇಲ್ಲ. ಅದಕ್ಕೇ ಕೇಳು. ಒಂದು, ದೂರದಿಂದ ರೂಟ್ ಒಳಗೆ ಬರೋದು ಬಂದ್. ಅದನ್ನ ಮಾಡೋನು ನೀನೇ. ಎರಡು, ಇನ್ಮೇಲೆ ಫೋನಲ್ಲಿ ಯಾರು ಏನು ಹೇಳಿದ್ರೂ ಬೀಗಣ್ಣ ಮಾಡಲ್ಲ. ಯಾರೇ ಆಗ್ಲಿ, ನಾನೇ ಆಗ್ಲಿ. ಕಾಗದ ಬೇಕು, ಅದರ ಮೇಲೆ ನನ್ನ ಸಹಿ ಬೇಕು, ಸಂಸ್ಥೆಯ ಮೊಹರು ಬೇಕು."

ಎರಡನೆಯದನ್ನು ಬೀಗಣ್ಣ ಆ ದಿನದಿಂದಲೇ ಪಾಲಿಸಿದ. ಮೊದಲನೆಯದನ್ನು ನಾನು ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂದು ಮೂರು ತಿಂಗಳು ತಳ್ಳಿದೆ.

ಆ ಮೂರು ತಿಂಗಳಲ್ಲಿ ನನ್ನ ತಲೆ ತುಂಬ ಅಕ್ಕ ಇದ್ದಳು.

ನನ್ನ ಅಕ್ಕ ಬಸ್ ನಿಲ್ದಾಣದ ಮೈಕಿನವಳು. ಹತ್ತೊಂಬತ್ತು ವರ್ಷ, ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಇಡೀ ಊರಿಗೆ ಹೇಳಿದವಳು. "ಪ್ರಯಾಣಿಕರ ಗಮನಕ್ಕೆ. ಏಳನೇ ಅಂಕಣ" ಎಂದು ಹೇಳಿ ಅವಳು ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಆ ಸುಮ್ಮನಿರುವಿಕೆಯಲ್ಲೇ ಸಾವಿರ ಜನ ತಲೆ ಎತ್ತಿ ಏಳನೇ ಅಂಕಣದ ಕಡೆ ತಿರುಗುತ್ತಿದ್ದರು. ತಿರುಗಿದ ಮೇಲೆ ಬಸ್ಸಿನ ವಿಷಯ. ನಾನು ಮೊಟ್ಟಮೊದಲು ಕಲಿತ ದನಿ ಅವಳದು. ಮನೆಯಲ್ಲಿ ಅವಳು ತಟ್ಟೆ ಇಡುವಾಗ ನಾನು ಮೂಗಿನಿಂದ, "ಪ್ರಯಾಣಿಕರ ಗಮನಕ್ಕೆ, ಎರಡನೇ ತಟ್ಟೆಯಲ್ಲಿ ಉಪ್ಪು ಕಡಿಮೆ ಇದೆ" ಎಂದರೆ ಅವಳ ಕೈಯಲ್ಲಿದ್ದ ಸೌಟು ನನ್ನ ಕಡೆ ಹೊರಡುತ್ತಿತ್ತು.

"ನನ್ನ ದನಿ ಅಷ್ಟು ಕೆಟ್ಟದಾಗಿದ್ದಿದ್ರೆ ಜನ ನಡ್ಕೊಂಡೇ ಊರಿಗೆ ಹೋಗ್ತಿದ್ರು ಕಣೋ, ಕೋತಿ" ಎನ್ನುತ್ತಿದ್ದಳು.

ಅವಳ ಗಂಟಲಿನಲ್ಲಿ ಬೆಳೆದದ್ದು ಕೆಟ್ಟ ಗಂಟು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ನಮ್ಮ ಸಂಸ್ಥೆಯಲ್ಲಿ ದನಿ ಕೂಡಿಡಲು ನಾಲ್ಕು ತಿಂಗಳ ಸರದಿ. ಅವಳಿಗಿದ್ದದ್ದು ಎರಡು ತಿಂಗಳೂ ಅಲ್ಲ. ನಾನು ಯಾರಿಗೂ ಹೇಳದೆ, ಊಟದ ಬಿಡುವಿನಲ್ಲಿ ಗಾಜಿನ ಕೋಣೆ ಖಾಲಿಯಿದ್ದಾಗ, ಅವಳನ್ನು ಹಿಂಬಾಗಿಲಿನಿಂದ ಕರೆತಂದೆ. ಮೂರು ವಾರ, ದಿನಕ್ಕೆ ಮುಕ್ಕಾಲು ಗಂಟೆ. ನೋವು ನುಂಗಿ, ನಡುನಡುವೆ ಬಿಸಿನೀರು ಗುಟುಕರಿಸಿ ಓದಿದಳು. ಸಾವಿರದ ಆರುನೂರನೇ ವಾಕ್ಯ ಮುಗಿದಾಗ ಕಿವಿಗೆ ಹಾಕಿದ್ದನ್ನು ತೆಗೆದು, "ಇಷ್ಟು ಮಾತು ನಿಮ್ಮ ಭಾವನ ಹತ್ರ ಮಾತಾಡಿದ್ದಿದ್ರೆ ಅವರು ಇನ್ನೂ ಎರಡು ಊರು ದೂರ ವರ್ಗ ಮಾಡಿಸ್ಕೊಂಡಿರೋರು" ಎಂದು ನಕ್ಕಳು. ಅದೇ ಅವಳು ಗಾಜಿನ ಕೋಣೆಯಲ್ಲಿ ಆಡಿದ ಕೊನೆಯ ಮಾತು.

ಕದ್ದು ಮಾಡಿದ ರೆಕಾರ್ಡಿಂಗನ್ನು ದೊಡ್ಡ ಉಗ್ರಾಣಕ್ಕೆ ಹಾಕುವ ಹಾಗಿರಲಿಲ್ಲ. ಅಲ್ಲಿಗೆ ಹಾಕಿದರೆ ನೋಂದಣಿ ಸಂಖ್ಯೆ ಕೇಳುತ್ತದೆ. ಹಾಗಾಗಿ ಅದನ್ನು ತಾತ್ಕಾಲಿಕ ಡಿಸ್ಕಿನಲ್ಲಿ ಇಟ್ಟೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಫೋಲ್ಡರಿಗೆ "ಹಳೇ ಸಾಮಾನು" ಎಂದು ಹೆಸರಿಟ್ಟೆ. ಗೊತ್ತಾಗಿದ್ದರೆ ಸೌಟು ಬರುತ್ತಿತ್ತು. ಆ ಡಿಸ್ಕಿನದು ಎರಡನೇ ಪ್ರತಿ ಎಲ್ಲೂ ಇರುವುದಿಲ್ಲ. ಅದು ತುಂಬದಿರಲಿ ಎಂದು ನಾನೇ ಹಿಂದೊಮ್ಮೆ ಒಂದು ಸಣ್ಣ ಪ್ರೋಗ್ರಾಮು ಬರೆದು ಬಿಟ್ಟಿದ್ದೆ. ಪ್ರತಿದಿನ ಮಧ್ಯಾಹ್ನ ಸರಿಯಾಗಿ ನಾಲ್ಕಕ್ಕೆ ಅದು ಎದ್ದು, ಮೂವತ್ತು ದಿನ ಯಾರೂ ಮುಟ್ಟದ ಫೋಲ್ಡರುಗಳನ್ನು ಗುಡಿಸಿ ಹಾಕುತ್ತದೆ. ರೂಟ್ ಹೆಸರಿನಲ್ಲೇ ಗುಡಿಸುತ್ತದೆ, ಅದಕ್ಕೆ ಅಡ್ಡ ಬರುವವರಿಲ್ಲ.

ಸೋಮವಾರ ಅಕ್ಕನ ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮುನ್ನ ಅವಳು ನನ್ನ ಕೈ ಹಿಡಿದು, ಕಿತ್ತುಹೋದ ದನಿಯಲ್ಲಿ, "ಪೆಟ್ಟಿಗೆ ಮರೀಬೇಡ" ಎಂದಳು. "ನೀನು ಎದ್ದು ಕೂರೋ ಹೊತ್ತಿಗೆ ನಿನ್ನ ದನಿ ಬಾಗಿಲಲ್ಲಿ ಕಾದಿರುತ್ತೆ" ಎಂದೆ. ಗುರುವಾರಕ್ಕೆ ಅವಳ ಫೋಲ್ಡರಿಗೆ ಮೂವತ್ತು ದಿನ ತುಂಬುತ್ತಿತ್ತು. ಮೇಜಿನ ಅಂಚಿಗೆ ಹಳದಿ ಚೀಟಿ ಅಂಟಿಸಿದ್ದೆ: "ಗುರುವಾರ ಮಧ್ಯಾಹ್ನದೊಳಗೆ ಅಕ್ಕನನ್ನು ಸಾಗಿಸು." ಒಂದು ಸಾಲಿನ ಕೆಲಸ. ಒಂದು ಸಾಲಿನ ಕೆಲಸವಲ್ಲವೇ ಎಂದೇ ಗುರುವಾರದವರೆಗೂ ಉಳಿದಿತ್ತು.

ಗುರುವಾರ ಊಟ ಮುಗಿಸಿ ಬಂದು ಕೂತೆ. ಹಿಂದಿನಿಂದ ಕೆಮ್ಮು ಕೇಳಿಸಿತು.

"ಅಂದ್ರೆ ಏನಪ್ಪಾ ಅಂದ್ರೆ, ಮೂರು ಗಂಟೆಗೆ ತಪಾಸಣೆಯವರು ಬರ್ತಿದಾರೆ. ರೂಟ್ ವಿಷಯ ಮುಗೀತಾ?"

"ಆಗ್ತಾ ಇದೆ ಸಾರ್."

"ಮೂರು ತಿಂಗಳಿಂದ ಆಗ್ತಾನೇ ಇದೆ. ನಾನು ಇಲ್ಲೇ ನಿಂತಿರ್ತೀನಿ, ಮಾಡು."

ಹೆಗಲ ಮೇಲೆ ಮೇಲಧಿಕಾರಿಯ ಉಸಿರು ಬೀಳುತ್ತಿರುವಾಗ "ಹಳೇ ಸಾಮಾನು" ತೆರೆಯುವುದು ಹೇಗೆ? ಇದೊಂದು ಮುಗಿಸಿ ಸಾರನ್ನು ಕಳಿಸಿ ಆಮೇಲೆ ಅಕ್ಕನನ್ನು ಸಾಗಿಸೋಣ ಎಂದುಕೊಂಡೆ. ಗಂಟೆ ಒಂದೂವರೆ, ಬೇಕಾದಷ್ಟು ಹೊತ್ತಿತ್ತು.

ರೂಟ್ ಆಗಿಯೇ ಒಳಗೆ ಹೋದೆ. ಯಂತ್ರದ ಬಾಗಿಲು ಕಾಯುವುದೂ ಒಂದು ಪ್ರೋಗ್ರಾಮು, ಅದರ ನಿಯಮಗಳ ಕಡತ ತೆರೆದೆ. ದೂರದಿಂದ ರೂಟ್ ಬರುವಂತಿಲ್ಲ ಎಂದು ಬರೆದೆ. ಪಾಸ್‌ವರ್ಡು ನಡೆಯದು, ಕೀಲಿ ಇದ್ದವರಿಗೆ ಮಾತ್ರ ಎಂದು ಬರೆದೆ. ಕೀಲಿ ಇದ್ದರೂ "ಒಳಗಿನವರು" ಎಂಬ ಗುಂಪಿಗೆ ಸೇರಿದವರಿಗೆ ಮಾತ್ರ ಎಂದು ಬರೆದೆ. ಆ ಗುಂಪನ್ನೂ ಅಲ್ಲೇ ಹುಟ್ಟಿಸಿದೆ. ನನ್ನ ಹೆಸರಿಗೆ ಹೊಸ ಕೀಲಿ ಮಾಡಿದೆ, ಸುಡೋ ಕೊಟ್ಟೆ. ಬಾಗಿಲ ಕಾಯುವವನಿಗೆ, ಹೊಸ ನಿಯಮ ಓದಿಕೋ ಎಂದೆ. ಓದಿಕೊಂಡ.

ನಮ್ಮ ಕಸುಬಿನಲ್ಲಿ ಎಳೆಯರಿಗೂ ಹೇಳಿಕೊಡುವ ಒಂದು ಪದ್ಧತಿ ಇದೆ. ಬಾಗಿಲು ಬದಲಿಸುವಾಗ ನೀನು ಒಳಗೇ ಇರು. ಇನ್ನೊಂದು ಕಿಟಕಿ ತೆರೆದು, ಹೊಸ ಬಾಗಿಲಿನಿಂದ ಬರಲು ಆಗುತ್ತದೆಯೇ ನೋಡು. ಬಂದ ಮೇಲೆ ಮಾತ್ರ ಹಳೆಯದನ್ನು ಮುಚ್ಚು. ನಾನು ನಾಲ್ಕು ಜನರಿಗೆ ಇದನ್ನು ಕಲಿಸಿದ್ದೇನೆ, ನಾಲ್ಕು ಬೇರೆ ಬೇರೆ ದನಿಯಲ್ಲಿ.

"ಎಲ್ಲಿ, ರೂಟ್ ಬರೋಕಾಗಲ್ಲ ಅಂತ ತೋರಿಸು" ಎಂದರು ಸಾರ್. "ಹೊರಗೆ ಬಂದು ತೋರಿಸು. ಒಳಗೆ ಕೂತ್ಕೊಂಡು ಬಾಗಿಲು ಹಾಕಿದೆ ಅಂದ್ರೆ ನಂಬಲ್ಲ ನಾನು."

ಹೊರಗೆ ಬಂದೆ. ರೂಟ್ ಎಂದು ಬಾಗಿಲು ತಟ್ಟಿದೆ. "ಅನುಮತಿ ಇಲ್ಲ" ಎಂದಿತು ಯಂತ್ರ.

"ಭೇಷ್!" ಎಂದು ಸಾರ್ ನನ್ನ ಬೆನ್ನು ತಟ್ಟಿದರು. "ಈಗ ನಿನ್ನ ಹೆಸರಲ್ಲಿ ಹೋಗು."

ನನ್ನ ಹೆಸರಿನಲ್ಲಿ ತಟ್ಟಿದೆ. "ಅನುಮತಿ ಇಲ್ಲ."

ಇನ್ನೊಮ್ಮೆ ತಟ್ಟಿದೆ. ಅದೇ ದನಿ, ಅದೇ ಏರಿಳಿತವಿಲ್ಲದ ಸಾಲು. ನನಗೆ ಬಾರದ ದನಿ ಅದೊಂದೇ.

ಆಗ ಹೊಳೆಯಿತು. "ಒಳಗಿನವರು" ಎಂಬ ಗುಂಪು ಮಾಡಿದ್ದೆ. ಆ ಗುಂಪಿಗೆ ಯಾರನ್ನೂ ಸೇರಿಸಿರಲಿಲ್ಲ. ಆಮಂತ್ರಣದ ಪಟ್ಟಿ ಬಾಗಿಲಿಗೆ ಅಂಟಿಸಿ, ಅದರಲ್ಲಿ ಒಂದೂ ಹೆಸರು ಬರೆಯದೆ ಹೊರಗೆ ಬಂದು ಚಿಲಕ ಹಾಕಿಕೊಂಡಿದ್ದೆ. ಈಗ ಆ ಯಂತ್ರಕ್ಕೆ ಲೋಕದ ಯಾವ ಮೂಲೆಯಿಂದಲೂ ಯಾರೂ ಬರುವಂತಿಲ್ಲ. ಇಷ್ಟು ಭದ್ರವಾದ ಕೆಲಸವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ.

"ಹೋಗ್ಲಿ ಬಿಡು" ಎಂದರು ಸಾರ್. "ನಾಳೆ ಅಲ್ಲಿಗೇ ಹೋಗಿ, ಯಂತ್ರದ ಮುಂದೆ ಕೂತು ಸರಿ ಮಾಡಿದ್ರಾಯ್ತು. ಅದಕ್ಕೆ ಇಷ್ಟು ಬೆವರೋದ್ಯಾಕೆ?"

"ನಾಳೆ ಆಗಲ್ಲ ಸಾರ್" ಎಂದೆ. ಹೇಳಲೇಬೇಕಾಯಿತು. ಊಟದ ಬಿಡುವು, ಹಿಂಬಾಗಿಲು, ಹಳೇ ಸಾಮಾನು, ನಾಲ್ಕು ಗಂಟೆ, ಎಲ್ಲವನ್ನೂ. ನಾನು ಹೇಳುತ್ತ ಹೋದ ಹಾಗೆ ಸಾರ್ ಮುಖದಿಂದ ಮೇಲಧಿಕಾರಿ ಇಳಿದು ಹೋದ.

"ಬಸ್ ಸ್ಟ್ಯಾಂಡಿನವರು... ನಿಮ್ಮ ಅಕ್ಕನಾ?" ಎಂದರು. ಅಂದ್ರೆ ಏನಪ್ಪಾ ಅಂದ್ರೆ ಎನ್ನಲೇ ಇಲ್ಲ. ಅದನ್ನು ಕೇಳಿಯೇ ನನಗೆ ಭಯವಾಯಿತು.

ಯಂತ್ರ ಆರಿದ್ದರೆ ನಾಲ್ಕಕ್ಕೆ ಗುಡಿಸುವ ಪ್ರೋಗ್ರಾಮೂ ಏಳುವುದಿಲ್ಲ. ಫೋನು ಎತ್ತಿದೆ. ಯಂತ್ರಕೋಣೆಯ ಕಟ್ಟಡದೊಳಗೆ ಮೊಬೈಲು ತರುವಂತಿಲ್ಲ. ಅಲ್ಲಿರುವುದು ತಂತಿಯ ಫೋನು. ಅದಕ್ಕೆ ಕಿವಿ ಇದೆ, ಕಣ್ಣಿಲ್ಲ.

"ಬೀಗಣ್ಣ, ನಾನು."

"ನಾನು ಅಂದ್ರೆ ಯಾರು? ಇವತ್ತು ಯಾರ ದನಿ?"

"ನನ್ನದೇ ದನಿ ಕಣಣ್ಣ. ಆಟ ಅಲ್ಲ. ಆ ಮೂರನೇ ಕಪಾಟಿನ ಯಂತ್ರ ಇದೆಯಲ್ಲ, ಅದರ ಕರೆಂಟ್ ವಯರು ಕಿತ್ತುಬಿಡು. ಅಷ್ಟೇ. ಇನ್ನೇನೂ ಮಾಡ್ಬೇಡ."

ಆ ಕಡೆ ಒಂದು ನಗು. ಸಂತೋಷದ ನಗುವಲ್ಲ. "ಅವತ್ತು ಓದು ಅಂದೆ, ಓದಿದೆ. ಇವತ್ತು ಕೀಳು ಅಂತೀಯ. ನಾಳೆ ಮನೆಗೆ ಹೋಗು ಅಂತೀಯ. ನಿನ್ನ ದನೀನ ನೀನೇ ಚೆನ್ನಾಗಿ ಮಾಡ್ತೀಯಪ್ಪ, ಭಾರಿ ಹೋಲುತ್ತೆ."

ಸಾರ್ ಫೋನು ಕಸಿದುಕೊಂಡರು. ಕೆಮ್ಮಿದರು. ಅವರು ಕೆಮ್ಮಿದ ಕ್ಷಣವೇ ನನಗೆ ಕೆಲಸ ಕೆಟ್ಟಿತೆಂದು ಗೊತ್ತಾಯಿತು.

"ಅಂದ್ರೆ ಏನಪ್ಪಾ ಅಂದ್ರೆ, ನಾನು ಮಾತಾಡ್ತಿರೋದು. ಅವನು ಹೇಳಿದ ಹಾಗೆ ಮಾಡು."

ಬೀಗಣ್ಣನ ಮಾತು ನನಗೂ ಕೇಳುವಷ್ಟು ಜೋರಾಗಿತ್ತು. "ಆಹಾ! ಕೆಮ್ಮೂ ಬಂತು! ಅವತ್ತಿಗಿಂತ ಚೆನ್ನಾಗಿ ಬಂತು. ಅವತ್ತು ಸ್ವಲ್ಪ ಮೂಗಲ್ಲಿತ್ತು, ಈಗ ಪೂರಾ ಸಾರೇ."

"ಏಯ್, ನಾನು ನಿಜವಾಗ್ಲೂ... ಫೋನಿಡು, ನನ್ನ ಮೇಜಿನ ನಂಬರಿಗೆ ನೀನೇ ತಿರುಗಿ ಮಾಡು!"

"ಅವತ್ತೂ ಆ ಮೇಜಿನಿಂದಲೇ ಅಲ್ವಾ ಸ್ವಾಮಿ ಮಾಡಿದ್ದು? ಫೋನಲ್ಲಿ ನಾನೇ ಹೇಳಿದ್ರೂ ಮಾಡ್ಬೇಡ ಅಂತ ಸಾರ್ ಬರೆದು ಕೊಟ್ಟಿದಾರೆ. ಗೋಡೆ ಮೇಲೆ ಅಂಟಿಸಿದೀನಿ. ಇಲ್ಲೇ ನೋಡ್ತಿದೀನಿ." ಫೋನು ಇಟ್ಟ. ಆಮೇಲೆ ಮಾಡಿದರೆ ಎತ್ತಲಿಲ್ಲ.

ಸಾರ್ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತರು. ತಮ್ಮ ದನಿಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ ಮುಖ ಮಾಡಿದ್ದರು. "ಅವನು ಸರಿಯಾಗೇ ಮಾಡ್ತಿದಾನೆ" ಎಂದರು. "ನಾನೇ ಹೇಳಿದ್ದು."

ಅವರೇ ನನ್ನ ಜೊತೆ ಬರುವ ಹಾಗಿರಲಿಲ್ಲ, ತಪಾಸಣೆಯವರು ಕೆಳಗೆ ಗೇಟಿನ ಹತ್ತಿರ ಬಂದಾಗಿತ್ತು. ಒಂದು ಹಾಳೆ ಎಳೆದು, ನಿಂತೇ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟರು. ಹಾಳೆ ಜೇಬಿಗೆ ತುರುಕಿ ಓಡಿದೆ. ಆಗ ಎರಡೂ ಮುಕ್ಕಾಲು.

ಸಿಕ್ಕ ಟ್ಯಾಕ್ಸಿಯ ಚಾಲಕ ಒಳ್ಳೆಯವನೇ. ಆದರೆ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಇನ್ನಷ್ಟು ಬಸ್ಸು, ಕೊನೆಯಲ್ಲಿ ನಾವು. ಮೂರು ಹತ್ತು. ಮೂರು ಇಪ್ಪತ್ತು.

"ಅರ್ಜೆಂಟಾ ಸಾರ್?" ಎಂದ ಚಾಲಕ.

"ಹೌದು."

"ಎಲ್ರಿಗೂ ಅರ್ಜೆಂಟೇ. ಆ ಬಸ್ಸಲ್ಲಿ ನೋಡಿ, ಐವತ್ತು ಜನ ಐವತ್ತು ಅರ್ಜೆಂಟು." ಆಮೇಲೆ, ಹೊತ್ತು ಕಳೆಯಲೆಂದು, "ಬಸ್ ಸ್ಟ್ಯಾಂಡಲ್ಲಿ ಮೊದಲು ಒಬ್ರು ಹೇಳ್ತಿದ್ರಲ್ಲ, ಅವರು ಈಗಿಲ್ಲ ಅಲ್ವಾ? ಈಗ ಯಾರೋ ಹುಡುಗಿ, ಬಸ್ ಹೋದ್ಮೇಲೆ ಹೇಳ್ತಾಳೆ."

ನಾನು ಬಾಗಿಲು ತೆಗೆದು ಇಳಿದು ಓಡತೊಡಗಿದೆ. ಹತ್ತು ವರ್ಷದಿಂದ ಕುರ್ಚಿಯ ಮೇಲೆ ಬೆಳೆಸಿದ ಮೈ. ಸೇತುವೆ ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು. ಸ್ವಲ್ಪ ನಡೆದೆ, ಸ್ವಲ್ಪ ಓಡಿದೆ, ನಡೆಯುವುದೋ ಓಡುವುದೋ ತಿಳಿಯದ ಹಾಗೆ ಉಳಿದ ದಾರಿ ಮುಗಿಸಿದೆ. ಹಳೆಯ ಕಟ್ಟಡದ ಕಬ್ಬಿಣದ ಬಾಗಿಲ ಮುಂದೆ ನಿಂತಾಗ ಮೂರು ಐವತ್ತೊಂದು.

ಬೀಗಣ್ಣ ಸಣ್ಣ ಕಿಟಕಿಯಿಂದ ನೋಡಿದ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ, ಎದೆಯ ಜೇಬಿನಲ್ಲಿ ಕನ್ನಡಕ. ಕಾಗದ ತಳ್ಳಿದೆ. ಅವನು ಕನ್ನಡಕ ಒರೆಸಿ ಹಾಕಿಕೊಂಡ, ಓದಿದ, ರಿಜಿಸ್ಟರು ತೆಗೆದು ಸಹಿಯನ್ನು ಸಹಿಗೆ ಹಿಡಿದು ನೋಡಿದ. ಬೇಕೆಂದು ತಡ ಮಾಡುತ್ತಿರಲಿಲ್ಲ. ಮಾಡಬೇಕಾದ್ದನ್ನು ಮಾಡಬೇಕಾದ ಹಾಗೆ ಮಾಡುತ್ತಿದ್ದ.

"ಸಹಿ ಸರಿ ಇದೆ" ಎಂದ. "ಮೊಹರೆಲ್ಲಿ?"

ಮೊಹರು ಸಾರ್ ಮೇಜಿನ ಖಾನೆಯಲ್ಲಿತ್ತು. ಹೊಳೆಯ ಈಚೆ... ಅಲ್ಲ, ಈಗ ನನಗೆ ಅದು ಆಚೆ.

"ಮರೆತೆವು ಅಣ್ಣ. ಅವಸರ. ನಾಲ್ಕಕ್ಕೆ ಅಳಿಸಿ ಹೋಗುತ್ತೆ. ನಮ್ಮಕ್ಕನ ದನಿ ಇದೆ ಅದರಲ್ಲಿ. ಬಸ್ ಸ್ಟ್ಯಾಂಡಲ್ಲಿ ಹೇಳ್ತಿದ್ದಳಲ್ಲ, ನಮ್ಮಕ್ಕ. ಗಂಟಲು ತೆಗೆದುಬಿಟ್ಟಿದಾರೆ. ಇನ್ನು ಆ ದನಿ ಎಲ್ಲೂ ಇಲ್ಲ." ಹೇಳುತ್ತಿದ್ದ ಹಾಗೆ ಕಣ್ಣು ತುಂಬಿತು.

ಬೀಗಣ್ಣ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ.

"ಅಳೋದನ್ನೂ ಚೆನ್ನಾಗಿ ಮಾಡ್ತೀಯ" ಎಂದ.

ಅದರಲ್ಲಿ ಕುಹಕ ಇರಲಿಲ್ಲ, ಅದೇ ಕಷ್ಟವಾದದ್ದು. ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. "ಅವತ್ತು ಫೋನಲ್ಲಿ ನೀವೆಲ್ಲ ನಕ್ಕಿದ್ದು ಕೇಳಿಸ್ತು ನನಗೆ" ಎಂದ. "ಮೆಮೊ ಬಂದಾಗ ನಮ್ಮನೆಯವಳು ಏನ್ರೀ ಇದು ಅಂದ್ಲು. ಏನಂತ ಹೇಳ್ಲಿ? ಹದಿನಾಲ್ಕು ಸಲ ಸಾರ್ ಸಾರ್ ಅಂದೆ ಅಂತಲಾ?"

ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಹನ್ನೊಂದು ದನಿಗಳಲ್ಲಿ ಒಂದೂ ಬರಲಿಲ್ಲ. ಹನ್ನೆರಡನೆಯದೂ ಬರಲಿಲ್ಲ. ಕಿಟಕಿಯ ಕಂಬಿ ಹಿಡಿದು, ಬಾಯಿ ತೆರೆದುಕೊಂಡು ಸುಮ್ಮನೆ ನಿಂತೆ. ಎಷ್ಟು ಹೊತ್ತು ನಿಂತೆನೋ.

ಬೀಗಣ್ಣನ ಮುಖದಲ್ಲಿ ಏನೋ ಸರಿಯಿತು. ಗೊಂಚಲಿನಿಂದ ಒಂದು ಕೀಲಿ ಬೇರ್ಪಡಿಸಿದ. ಬಾಗಿಲು ತೆರೆದ. ರಿಜಿಸ್ಟರಿನಲ್ಲಿ "3.57, ಮೊಹರಿಲ್ಲದೆ, ನನ್ನ ಜವಾಬ್ದಾರಿ" ಎಂದು ಬರೆದು ತನ್ನ ಸಹಿ ಹಾಕಿದ. ನಾನು ಓಡಿದೆ.

ಯಂತ್ರಕೋಣೆಯಲ್ಲಿ ತಣ್ಣನೆ ಗಾಳಿಯ ಭೋರ್ಗರೆತ. ಮೂರನೇ ಕಪಾಟು. ಅದರ ಬೆನ್ನ ಹಿಂದೆ ಮೂವತ್ತು ವಯರುಗಳು ಜಡೆ ಹೆಣೆದ ಹಾಗೆ ಹೆಣೆದುಕೊಂಡಿದ್ದವು. ಕರೆಂಟಿನದು ಯಾವುದೆಂದು ನನಗೆ ತಿಳಿಯಲಿಲ್ಲ. ಏಳು ವರ್ಷ ದೂರದಿಂದ ಸಂಸಾರ ಮಾಡಿದವನಿಗೆ ಅದರ ಬೆನ್ನೇ ಪರಿಚಯವಿರಲಿಲ್ಲ. "ಯಾವುದು ಅಣ್ಣ?" ಎಂದೆ. "ನಾನು ಬೀಗ ನೋಡೋನಪ್ಪ, ವಯರು ನೀನು ನೋಡೋನು" ಎಂದ ಬೀಗಣ್ಣ, ಓಡಿ ಬಂದ ದಮ್ಮಿನಲ್ಲಿ.

ತಪ್ಪು ವಯರು ಕಿತ್ತರೆ ಇನ್ಯಾರದೋ ದನಿ ಹೋದೀತು. ಕೀಬೋರ್ಡಿನ ಹಲಗೆ ಎಳೆದೆ. ಯಂತ್ರದ ಮುಂದೆಯೇ ಕೂತರೆ ರೂಟ್ ಬರಬಹುದು. ನಾನು ಮುಚ್ಚಿದ್ದು ದೂರದ ಬಾಗಿಲು ಮಾತ್ರ. ಪಾಸ್‌ವರ್ಡು ಒತ್ತಿದೆ. ಅವಸರಕ್ಕೆ ಒಂದು ಅಕ್ಷರ ತಪ್ಪಿತು. ತಪ್ಪಾದರೆ ಯಂತ್ರ ಎರಡು ಮೂರು ಕ್ಷಣ ಸುಮ್ಮನಿರುತ್ತದೆ, ಕಳ್ಳರನ್ನು ತಡೆಯಲೆಂದು. ಮತ್ತೆ ಒತ್ತಿದೆ. ಮತ್ತೆ ತಪ್ಪು. ಬೀಗಣ್ಣ ಹಿಂದಿನಿಂದ, ಒಂದೊಂದೇ ಅಕ್ಷರವಾಗಿ ಹೇಳತೊಡಗಿದ. ಅವನಿಗೆ ಅದು ಬಾಯಿಗೆ ಬರುತ್ತಿತ್ತು. ಮೂರು ತಿಂಗಳು ಅದನ್ನೇ ಮೆಲುಕು ಹಾಕಿದ್ದನೋ ಏನೋ. ಈ ಸಲ "ಸಾರ್" ಇರಲಿಲ್ಲ. ಮೂರನೇ ಸಲ ಬಾಗಿಲು ತೆರೆಯಿತು.

ಒಳಗೆ ಹೋದ ಕೂಡಲೇ ಪರದೆಯ ಮೇಲೆ ಒಂದು ಸಾಲು ಮೂಡಿತ್ತು. ಗುಡಿಸುವ ಪ್ರೋಗ್ರಾಮು ಕೆಲಸ ಮುಗಿಸಿದಾಗ ಹೇಳಲೆಂದು ನಾನೇ ಹಿಂದೆ ತಮಾಷೆಗೆ ಬರೆದಿಟ್ಟದ್ದು:

"ಅಂದ್ರೆ ಏನಪ್ಪಾ ಅಂದ್ರೆ, ಎಲ್ಲಾ ಗುಡಿಸಿ ಆಯ್ತು!"

ನಾಲ್ಕು ಗಂಟೆ, ಹನ್ನೊಂದು ಸೆಕೆಂಡು.

ಫೋಲ್ಡರು ಇರಲಿಲ್ಲ. ಗಾಜಿನ ಕೋಣೆಯಿಂದ ಬರುವ ಹೊಸ ರೆಕಾರ್ಡಿಂಗುಗಳಿಗೆ ದಾರಿ ಬೇರೆ, ಅವು ಆ ಜಾಗದ ಮೇಲೆಯೇ ಬಂದು ಕೂರುತ್ತಿದ್ದವು. ಡಿಸ್ಕಿನ ಹಸಿರು ದೀಪ ಮಿಣುಕುತ್ತಲೇ ಇತ್ತು. ಆಮೇಲೆ ಒಂದು ಗಂಟೆ, ಗೊತ್ತಿದ್ದ ಎಲ್ಲ ಉಪಾಯ ಮಾಡಿದೆ. ಸಿಕ್ಕಿದ್ದು ನಾಲ್ಕು ಕ್ಷಣದ ಒಂದು ತುಣುಕು. ಅದರಲ್ಲಿ ಅಕ್ಕ ನೀರು ಗುಟುಕರಿಸುವ ಸದ್ದಿತ್ತು.

ಹೊರಡುವಾಗ ಬೀಗಣ್ಣ ಬಾಗಿಲ ಹತ್ತಿರ ನಿಂತಿದ್ದ. "ಸಿಕ್ತಾ?" ಎಂದ.

ಇಲ್ಲ ಎಂದು ತಲೆಯಾಡಿಸಿದೆ.

"ನಿಜವಾಗ್ಲೂ ಇತ್ತಾ?" ಎಂದು ಕೇಳಿದ, ಸಣ್ಣ ದನಿಯಲ್ಲಿ. ಹೌದು ಎಂದೆ. ಅವನು ಟೋಪಿ ತೆಗೆದು, ಅದರ ಒಳಗೆ ಏನೋ ಇದೆಯೆಂಬಂತೆ ನೋಡುತ್ತ ನಿಂತ. ನಾನು ಬೀದಿಯ ತಿರುವು ಮುಟ್ಟುವವರೆಗೂ ಬೀಗ ಎಳೆದು ನೋಡುವ ಸದ್ದು ಬರಲಿಲ್ಲ.

ಆಸ್ಪತ್ರೆಯಲ್ಲಿ ಸಂಜೆ ಆರರವರೆಗೆ ಭೇಟಿಯ ಹೊತ್ತು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಕುತ್ತಿಗೆಗೆ ಬಿಳಿ ಪಟ್ಟಿ, ನಡುವೆ ಉಸಿರಿನ ಕೊಳವೆ. ಮಡಿಲಲ್ಲಿ ಒಂದು ನೋಟುಬುಕ್ಕು, ದಾರ ಕಟ್ಟಿದ ಪೆನ್ಸಿಲು. ನನ್ನನ್ನು ನೋಡಿ ಕಣ್ಣರಳಿಸಿ, ಮೊದಲು ನನ್ನ ಕೈ ನೋಡಿದಳು, ಪೆಟ್ಟಿಗೆ ಇದೆಯೇ ಎಂದು. ಆಮೇಲೆ ಬರೆದಳು: "ಯಾವಾಗ?"

ಹೇಳಿದೆ. ಒಂದೂ ಮುಚ್ಚಿಡದೆ, ಯಾರ ದನಿಯನ್ನೂ ಬಳಸದೆ ಹೇಳಿದೆ. ಬೀಗಣ್ಣನ ಮಾತು ಹೇಳುವಾಗಲೂ ನನ್ನ ದನಿಯಲ್ಲೇ ಹೇಳಿದೆ. ಮನೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಇಬ್ಬರೂ ಯೋಚಿಸಿದೆವು. ಭಾವನ ಮೊಬೈಲಿನಲ್ಲಿ ಒಂದೆರಡು ತುಣುಕು, ಹಿಂದೆ ಟಿವಿ ಸದ್ದು. ಬಸ್ ನಿಲ್ದಾಣದಲ್ಲಿ ಅವಳು ಹತ್ತೊಂಬತ್ತು ವರ್ಷ ಹೇಳಿದ್ದೆಲ್ಲ ಆ ಕ್ಷಣಕ್ಕೆ ಹೇಳಿದ್ದು, ಯಾರೂ ಹಿಡಿದಿಟ್ಟಿರಲಿಲ್ಲ. ಬಸ್ಸು ಹೊರಟ ಮೇಲೆ ಅದು ಯಾರಿಗೆ ಬೇಕು?

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅತ್ತಳೋ ಇಲ್ಲವೋ ತಿಳಿಯುವ ಹಾಗಿರಲಿಲ್ಲ. ಅಳುವಿಗೂ ಸದ್ದು ಬೇಕು. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಸೌಟೂ ಇರಲಿಲ್ಲ.

ಆಮೇಲೆ ನೋಟುಬುಕ್ಕು ಎಳೆದುಕೊಂಡು ಬರೆದಳು: "ನೀನು ಮಾಡು."

"ಏನು?"

"ನನ್ನ." ಎಂದು ಬರೆದು ಪೆನ್ಸಿಲಿನಿಂದ ಎರಡು ಸಲ ಕುಟ್ಟಿದಳು.

ಗಂಟಲು ಸರಿಮಾಡಿಕೊಂಡೆ. "ಪ್ರಯಾಣಿಕರ ಗಮನಕ್ಕೆ. ಏಳನೇ ಅಂಕಣದಲ್ಲಿ..."

ಆಚೆ ಮಂಚದ ಅಜ್ಜಿ ತಲೆ ಎತ್ತಿದರು. "ಅಯ್ಯೋ, ಬಸ್ ಸ್ಟ್ಯಾಂಡಿನವಳ ದನಿ ಅಲ್ವಾ ಇದು!" ಎಂದರು. ನರ್ಸು ನಕ್ಕಳು. ಎಲ್ಲರಿಗೂ ಹೋಲಿತು.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಕಣ್ಣು ತೆರೆದು ತಲೆಯಾಡಿಸಿದಳು. ಬರೆದಳು: "ಮೂಗು ಬೇಡ. ಅಂಕಣ ಅಂದ ಮೇಲೆ ನಿಲ್ಲು."

ಇನ್ನೊಮ್ಮೆ ಮಾಡಿದೆ. ಮೂಗು ಬಿಟ್ಟೆ. ಅಂಕಣ ಎಂದು ನಿಂತೆ. ಇಲ್ಲ ಎಂದಳು. "ಅಷ್ಟಲ್ಲ" ಎಂದು ಬರೆದಳು. ಇನ್ನೊಮ್ಮೆ ಮಾಡಿದೆ. "ಅಷ್ಟೂ ಅಲ್ಲ." ಚಿಕ್ಕಂದಿನಿಂದ ಗೇಲಿ ಮಾಡಲೆಂದು ಕಲಿತ ದನಿ, ಅದರಲ್ಲಿ ಗೇಲಿಯ ಭಾಗ ಮಾತ್ರ ನನಗೆ ಬರುತ್ತಿತ್ತು. ಆ ನಿಲುಗಡೆ ಎಷ್ಟು ಉದ್ದ ಎಂದು ನಾನು ಯಾವತ್ತೂ ಕಿವಿಗೊಟ್ಟು ಕೇಳಿರಲಿಲ್ಲ.

ಆರಕ್ಕೆ ಗಂಟೆ ಬಾರಿಸಿದರು. ನರ್ಸು, "ಸಾಕು ಸಾರ್, ಹೊರಡಿ" ಎಂದಳು.

"ಒಂದೇ ಸಲ ಸಿಸ್ಟರ್" ಎಂದು ಮತ್ತೊಮ್ಮೆ ಮಾಡಿದೆ. ಅಕ್ಕ ಬೇಸರದಿಂದ ಕೈ ಬೀಸಿ ನನ್ನನ್ನು ತಡೆದಳು. ಹೀಗಲ್ಲ ಕಣೋ, ಹೀಗೆ, ಎಂದು ತೋರಿಸಲು ಬೆನ್ನು ನೆಟ್ಟಗೆ ಮಾಡಿ, ಮೈಕಿನ ಮುಂದೆ ಕೂರುವ ಹಾಗೆ ಕೂತು, ಬಾಯಿ ತೆರೆದಳು.